ಅಡಗಿ ಕಟ್ಟಿ

ಗೋಕುಲ ರೋಡಿನ ಆಫೀಸಿನ್ಯಾಗ
ಏಸಿ ಗಾಳಿಗೆ ಸೆರಗು ಹೊಚ್ಚಿಕೊಂಡು ಕುಂತಿದ್ದೆ.
ಹುಡುಗ ಫಾರ್ಮ್ ತಗದ.
"ಹೆಸರು ಹೇಳ್ರೀ ಅಮ್ಮಾರ."
"ಹೊಸಮನಿ."
"ಹೊಸಾ ಮನೀದ ಐತ್ರಿ ಫಾರ್ಮು. ನಿಮ್ಮ ಹೆಸರು?"
"ಅದ ನಮ್ಮ ಅಡ್ಡಹೆಸರಪಾ.
ನೀಲವ್ವ ಗೂಳಪ್ಪ ಹೊಸಮನಿ.
ಮೂರು ತಲಿಮಾರಿನಿಂದ ಬಾಡಿಗಿ ಮನ್ಯಾಗ ಅದೀವಿ."
ಅಂವ ನಗಲಿಲ್ಲ. ಬರಕೊಂಡ.

ಮೂರನೇ ಮಾಳಿಗಿ, ಎರಡು ಕೋಲಿ, ಮೂಡಣ ಬಾಗಲಾ.
ಗ್ವಾಡಿ ಎದ್ದಾವ, ಗಿಲಾವು ಆಗೇತಿ,
ಇನ್ನ ಉಳದದ್ದು ಮೈಮ್ಯಾಲಿನ ಸಿಂಗಾರ.
ಮೇಜಿನ ತುಂಬ ಟೈಲ್ಸ್ ತುಂಡು ಹರವಿದ
ಬಳಿಗಾರ ಮಲಾರ ಬಿಚ್ಚಿಧಂಗ.
ಪ್ಯಾಕೇಜಿನ್ಯಾಗಿಂದು ಒಂದ ಸಾಲು.
ಉಳದದ್ದಕ್ಕೆಲ್ಲ ಚದರಡಿಗೆ ಇಷ್ಟಿಷ್ಟು ಹೆಚ್ಚಿಗಿ.

ನನಗ ರೂಪಾಯಿ ಲೆಕ್ಕ ತಡಾ ಆಗಿ ತಿಳೀತೈತಿ,
ರೊಟ್ಟಿ ಲೆಕ್ಕ ಆದ್ರ ಬಾಯಾಗ ಬರತೈತಿ.
ಇಪ್ಪತ್ತೊಂದು ವರ್ಷ ಬಡದೀನಿ
ಖಾನಾವಳಿಗೆ, ಹಾಸ್ಟೆಲ್ಲಿಗೆ, ಮದಿವಿ ಮನಿಗೆ.
ಆ ಬೆಣ್ಣಿ ಬಣ್ಣದ ಟೈಲ್ಸು ಚದರಡಿಗೆ ಒಂಬತ್ತು ರೊಟ್ಟಿ.
ಸಪ್ಪಳಿಲ್ಲದ ಮುಚ್ಚೂ ಡ್ರಾವರು, ಒಂದಕ್ಕ ಮುನ್ನೂರು.
ಮಳೀ ಹಂಗ ನೀರು ಸುರಿಯೂ ಶವರ್
ಸಾವಿರದೆಂಟುನೂರು.
"ನಳಾ ಎಂಟು ದಿನಕ್ಕೊಮ್ಮೆ ಬರೂ ಊರಾಗ
ಮಳೀ ಯಾರು ಕಳಸ್ತಾರಪಾ?" ಅಂದೆ.
"ಬೋರ್ ಐತ್ರಿ," ಅಂದ.
"ಹಂಗಾದ್ರ ಹಿಂದಿನ ಬಾಲ್ಕನ್ಯಾಗ
ಎರಡು ಬ್ಯಾರಲ್ ಇಡಾಕ ಜಾಗಾ ಬರಕೋ.
ಬೋರಿನ ಮಾತು ಬೋರಿಗೇ ಗೊತ್ತು."

ಇವರು ಒಂದ ಮಾತಾಡಿಲ್ಲ.
ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತು ವರ್ಷ
ಡಬ್ಬಿಗೆ ಬಣ್ಣಾ ಹೊಡದ ಮನಷ್ಯಾ,
ಶೇಡ್ ಕಾರ್ಡ್ ಬೆಳಕಿಗೆ ಹಿಡದು
ಬಿಳೀದರಾಗ ನಲವತ್ತು ಬಿಳಿ ನೋಡಿ
ಕನ್ನಡಕಾ ತಗದು ಒರಸ್ಕೊಂಡ್ರು.
"ನಮಗ ಮ್ಯಾಲಿನಿಂದ ಬರತಿತ್ತು, ಇದ ನೀಲಿ ಹೊಡೀರಿ ಅಂತ.
ಆರಿಸೂದು ರೂಢಿ ಇಲ್ಲ."
ಗ್ವಾಡಿ ಬಣ್ಣದ ಜಾಗಾ ಖಾಲಿ ಉಳೀತು.

ಆಮ್ಯಾಲ ಅಡಗಿ ಕಟ್ಟಿ.
ಹುಡುಗ ಬೆಳ್ಳನ ಕ್ವಾರ್ಟ್ಜ್ ಕಲ್ಲು ಮುಂದ ಸರಿಸಿ
"ಎಲ್ಲಾರೂ ಇದನ್ನ ಒಯ್ಯಾಕತ್ತಾರ್ರೀ," ಅಂದ.
ನಾ ಅಂಗೈ ಬಿಚ್ಚಿ ಬಡದೆ.
ತಪ್.
ಸಪ್ಪಳಾ ಒಳಗ ಸತ್ತಹೋತು.
ಮಗ್ಗಲದ್ದು ಬಡದೆ, ಅದು ಹಲ್ಲು ಕಡಿದಂಗ ಅಂತು.
ಬಾಜೂ ಮೇಜಿನ ಗಂಡಾ ಹೆಂಡ್ತಿ ಹೊಳ್ಳಿ ನೋಡಿದ್ರು.
ಕಡೀಗೆ ಕರೀ ಗ್ರಾನೈಟು, ದಪ್ಪಂದು.
ತಪ್ ತಪ್ ತಪ್,
ರೊಟ್ಟಿ ತಿರುಗಿಧಂಗ ತಿರಗತೈತಿ ದನಿ.
"ಇದು," ಅಂದೆ.
"ಇದು ಕಡಿಮಿ ರೇಟಿಂದ್ರಿ.
ಇದು ಅಪ್‌ಗ್ರೇಡ್ ಫಾರ್ಮು,
ಇದರಾಗ ಕಡಿಮಿ ಮಾಡಾಕ ಕಾಲಂ ಇಲ್ಲ."
"ಕಾಲಂ ಇಲ್ಲಂದ್ರ ಅಂಚಿನ್ಯಾಗ ಬರಿ.
ಇನ್ನೊಂದೂ ಬರಿ,
ಕಟ್ಟಿ ಮೂರಿಂಚು ಕೆಳಗ."

ಏಳು ಬಾಡಿಗಿ ಮನಿ. ಏಳೂ ಕಟ್ಟಿ
ಯಾರೋ ಎತ್ತರದ ಹೆಣಮಗಳಿಗೆ ಕಟ್ಟಿದ್ವು.
ನಾ ಮಣಿ ಮ್ಯಾಲ ನಿಂತು ಬಡದೀನಿ,
ಆ ಮಣಿ ಸವದು ನಡುವ
ಎರಡು ಪಾದದ ತಗ್ಗು ಬಿದ್ದಾವ.

"ನಾಳೆ ಮಾರೂ ಮುಂದ ತ್ರಾಸ ಆಗತೈತ್ರಿ."
"ಮಾರಾವರು ಯಾರು?"
ಹುಡುಗ ಪೆನ್ನಿನ ತುದಿ ಕಚ್ಚಿ
ಶೆರಾ ಅಂತಿದ್ದ ಜಾಗಾದಾಗ ಬರದ:
ಗಿರಾಕಿ ಗಿಡ್ಡ ಅದಾರ.
ಅದರ ತೆಳಗ ನನ್ನ ಸಹಿ ಹಾಕಸ್ಕೊಂಡ.

ಬಸ್ಸು ಹೊಸೂರ ದಾಟಿದ ಮ್ಯಾಲ ಇವರು
"ಮೂರಿಂಚು ಕೆಳಗಾದ್ರ
ನಾ ನಡಾ ಬಗ್ಗಸಬೇಕಾಗತೈತಿ," ಅಂದ್ರು.
"ನೀವ್ಯಾವಾಗ ಬಂದೀರಿ ಅಡಗಿ ಮನಿಗೆ?"
ಕಿಡಕಿ ಕಡೆ ಮಾರಿ ಮಾಡಿ,
ಮಡಿಲಾಗಿನ ಶೇಡ್ ಕಾರ್ಡ್ ಮಡಚಿ,
"ಹೊಸಾ ಮನ್ಯಾಗ ಬರಬೇಕಂತ ಮಾಡೀನಿ."

ಶುಕ್ರವಾರದ ತನಕಾ ತಿದ್ದಾಕ ಬರತೈತಂತ ಫಾರ್ಮು.
ಎರಡಿಂಚು ಸಾಕು ಅಂತ ಹೇಳ್ಲೋ,
ಇವರ ಮಾತು ಖರೇ ಅಂತ ಹಿಡದು?
ಇವತ್ತು ಬುಧವಾರ.
ಹುಡುಗಗ ಇನ್ನ ಫೋನ್ ಹಚ್ಚಿಲ್ಲ.